ಲ್ಯಾನ್ ವೈರ್ ತೆಗೆದರೆ ಮೀಟಿಂಗ್ ಕಟ್, ವೈರ್ ಹಾಕಿದರೆ ಪ್ರಿಂಟರ್ ಮಾಯ

ಅಡಿಕೆತೋಟ
ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರದ ಹಳ್ಳಿಯಲ್ಲಿ ನಮ್ಮ ಮನೆ. ಮನೆಯಿಂದಲೇ ಕೆಲಸ, ಕಂಪನಿ ಕೊಟ್ಟ ವಿಂಡೋಸ್ ಲ್ಯಾಪ್‌ಟಾಪ್. ಫೈಬರ್ ಜಗಲಿಗೆ ಬಂದಿದೆ. ಅಲ್ಲೇ ನೆಟ್ ಕೊಟ್ಟವರ ಡಬ್ಬಿ ಇದೆ, ಅದರ ಪಕ್ಕದಲ್ಲಿ ನಾನು ತಂದ ರೂಟರ್. ನಾನು ಕೂರುವುದು ಮೆತ್ತಿಯ (ಮಹಡಿಯ) ಮೇಲೆ. ಹಳೇ ಮನೆ, ಕೆಂಪು ಕಲ್ಲಿನ ದಪ್ಪ ಗೋಡೆ. ವೈಫೈ ಮೇಲೆ ಬರುವಷ್ಟರಲ್ಲಿ ಒಂದೇ ಕಡ್ಡಿ ಉಳಿದಿರುತ್ತದೆ. ಅದಕ್ಕೇ 20 ಮೀಟರ್ ಲ್ಯಾನ್ ವೈರ್ ಎಳೆದುಕೊಂಡೆ. ಲ್ಯಾಪ್‌ಟಾಪಿಗೆ ಲ್ಯಾನ್ ತೂತು ಇಲ್ಲ, ಯುಎಸ್‌ಬಿ ಅಡಾಪ್ಟರ್ ಹಾಕಿದ್ದೇನೆ. ವೈರ್‌ನಲ್ಲಿ ಇರುವಷ್ಟು ಹೊತ್ತು ಒಂದು ತೊಂದರೆಯೂ ಇಲ್ಲ.

ತೊಂದರೆ ಶುರುವಾಗುವುದು ಸಂಜೆ 4ಕ್ಕೆ. ಅಪ್ಪನಿಗೆ ಆಗ ಮಾತ್ರೆ ಕೊಟ್ಟು ಸ್ವಲ್ಪ ಹೊತ್ತು ಜೊತೆಗೆ ಕೂರಬೇಕು. ಆಯಿ ಆ ಹೊತ್ತಿಗೆ ಕೊಟ್ಟಿಗೆಯಲ್ಲಿ ಇರುತ್ತಾಳೆ. ನನ್ನ ಮೀಟಿಂಗೂ ಅದೇ ಹೊತ್ತಿಗೆ. ವೈರ್ ತೆಗೆದು ಲ್ಯಾಪ್‌ಟಾಪ್ ಹಿಡಿದು ಮೆಟ್ಟಿಲು ಇಳಿದರೆ ಕಾಲ್ ಕಟ್. 15-20 ಸೆಕೆಂಡ್ ಏನೂ ಇಲ್ಲ. ಆಮೇಲೆ ವಿಪಿಎನ್ (ಕಂಪನಿಯ ನೆಟ್‌ವರ್ಕ್‌ಗೆ ಸೇರಿಸುವ ಸುರಕ್ಷಿತ ದಾರಿ) ಮತ್ತೆ ಪಾಸ್‌ವರ್ಡ್, ಓಟಿಪಿ ಕೇಳುತ್ತದೆ. ಅಷ್ಟರಲ್ಲಿ ನನ್ನ ಸರದಿ ಮುಗಿದು ಬೇರೆಯವರು ಮಾತಾಡುತ್ತಿರುತ್ತಾರೆ.

ಇನ್ನೊಂದು ವಿಷಯ. ವೈರ್ ಹಾಕಿದ್ದಾಗ ಪ್ರಿಂಟರ್ ಕಾಣುವುದೇ ಇಲ್ಲ. ವೈಫೈಗೆ ಬಂದ ಕೂಡಲೇ ಕಾಣುತ್ತದೆ. ಎರಡಕ್ಕೂ ಏನಾದರೂ ಸಂಬಂಧ ಇದೆಯಾ?

ಕಡಲತಡಿ
ವೈರ್ ತೆಗೆಯುವ ಮೊದಲೇ ವೈಫೈ ಆನ್ ಮಾಡಿಟ್ಟುಕೊಳ್ಳಿ ಮಾರಾಯ್ರೆ. ಎರಡೂ ಒಟ್ಟಿಗೆ ಇದ್ದರೆ ಏನೂ ಆಗುವುದಿಲ್ಲ.

ಹುಬ್ಬಳ್ಳಿ ಹುಡುಗಿ
ಹೌದು, ನಾನೂ ಎರಡನ್ನೂ ಆನ್ ಇಟ್ಟೇ ಕೆಲಸ ಮಾಡುವುದು. ವೈರ್ ಇದ್ದರೆ ವಿಂಡೋಸ್ ಯಾವಾಗಲೂ ವೈರನ್ನೇ ಹಿಡಿಯುತ್ತದೆ. ತೆಗೆದರೆ ವೈಫೈಗೆ ಹೋಗುತ್ತದೆ. ನಾವು ಏನೂ ಮಾಡಬೇಕಿಲ್ಲ.

ಪ್ಯಾಕೆಟ್ ಪಯಣಿಗ
"ಯಾವಾಗಲೂ" ಅನ್ನುವುದು ತಪ್ಪು ಅಕ್ಕ. ವಿಂಡೋಸ್ ಪ್ರತಿ ಸಂಪರ್ಕಕ್ಕೂ ಮೆಟ್ರಿಕ್ ಅಂತ ಒಂದು ನಂಬರ್ ಕೊಡುತ್ತದೆ. ನಂಬರ್ ಕಡಿಮೆ ಇದ್ದದ್ದು ಮೊದಲು. ಆ ನಂಬರ್ ಕೊಡುವುದು ಲಿಂಕ್ ಸ್ಪೀಡ್ ನೋಡಿಕೊಂಡು. 1 ಗಿಗಾಬಿಟ್ ವೈರ್‌ಗೆ 25 ಸಿಗುತ್ತದೆ. 100 ಮೆಗಾಬಿಟ್ ವೈರ್ ಆದರೆ 35. ರೂಟರ್ ಪಕ್ಕದಲ್ಲೇ ಕೂತು ವೈಫೈ ಲಿಂಕ್ ಒಳ್ಳೆ ವೇಗದಲ್ಲಿ ಇದ್ದರೆ ಅದು 35ಕ್ಕಿಂತ ಕೆಳಗೆ ಬರಬಹುದು. ಆಗ ವೈರ್ ಸಿಕ್ಕಿಸಿದ್ದರೂ ಡೇಟಾ ಹೋಗುವುದು ವೈಫೈಯಲ್ಲಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ರೂಟ್ ಪ್ರಿಂಟ್ ಕೊಟ್ಟು ನೋಡಿ, ಕೊನೆಯ ಕಾಲಮ್ಮಿನಲ್ಲಿ ಕಾಣುತ್ತದೆ.

ಅಡಿಕೆತೋಟದವರ ಅಡಾಪ್ಟರ್ 100ರದ್ದಾ, ಗಿಗಾಬಿಟ್ಟಾ?

ಹುಬ್ಬಳ್ಳಿ ಹುಡುಗಿ
ಓ, ಇದು ಗೊತ್ತಿರಲಿಲ್ಲ. ಈಗ ನೋಡಿದೆ, ನನ್ನದು 25 ಇದೆ. ಥ್ಯಾಂಕ್ಸ್.

ಅಡಿಕೆತೋಟ
ಅಡಾಪ್ಟರ್ ಗಿಗಾಬಿಟ್ ಅಂತಲೇ ಬರೆದಿದೆ. ಆದರೆ ನನ್ನ ತೊಂದರೆ ಬೇರೆ ಇದೆ ಅನಿಸುತ್ತದೆ. ವೈರ್ ಸಿಕ್ಕಿಸಿದ ತಕ್ಷಣ ವೈಫೈ ತಾನೇ ಡಿಸ್ಕನೆಕ್ಟ್ ಆಗುತ್ತದೆ. ಕೈಯಿಂದ ಕನೆಕ್ಟ್ ಮಾಡಿದರೂ ನಿಲ್ಲುವುದಿಲ್ಲ. ಎರಡನ್ನೂ ಒಟ್ಟಿಗೆ ಇಡಲು ಬಿಡುತ್ತಲೇ ಇಲ್ಲ.

ಸರ್ವರ್ ರೂಮು
ಗೊತ್ತಾಯಿತು. ಇದು ನಿಮ್ಮ ಕಂಪನಿಯ ಐಟಿಯವರು ಹಾಕಿರುವ ಪಾಲಿಸಿ. ನಾನೂ ಇದೇ ಕೆಲಸದಲ್ಲಿ ಇದ್ದೇನೆ, ನಮ್ಮ ಆಫೀಸಿನ ಲ್ಯಾಪ್‌ಟಾಪ್‌ಗಳಿಗೆ ನಾನೇ ಹಾಕಿದ್ದೇನೆ. ಗ್ರೂಪ್ ಪಾಲಿಸಿಯಲ್ಲಿ "ಈಥರ್ನೆಟ್ (ಲ್ಯಾನ್ ವೈರ್) ಇದ್ದಾಗ ವೈಫೈ ಬೇಡ" ಅನ್ನುವ ಆಯ್ಕೆ ಇದೆ. ಆಫೀಸಿನ ವೈರ್‌ನಲ್ಲಿ ಇರುವ ಲ್ಯಾಪ್‌ಟಾಪ್ ಅದೇ ಹೊತ್ತಿಗೆ ಪಕ್ಕದ ಕಟ್ಟಡದ ವೈಫೈಗೋ, ಯಾರದೋ ಹಾಟ್‌ಸ್ಪಾಟ್‌ಗೋ ಸೇರಿಕೊಂಡರೆ ಎರಡು ನೆಟ್‌ವರ್ಕ್ ನಡುವೆ ಬಾಗಿಲು ತೆರೆದ ಹಾಗೆ. ಅದನ್ನು ತಡೆಯಲು ಹಾಕುತ್ತಾರೆ.

ನಿಮ್ಮ 15-20 ಸೆಕೆಂಡಿಗೆ ಕಾರಣವೂ ಇದೇ. ವೈರ್ ಕಿತ್ತ ಮೇಲಷ್ಟೇ ವೈಫೈ ಏಳುತ್ತದೆ. ಹುಡುಕಬೇಕು, ಪಾಸ್‌ವರ್ಡ್ ಒಪ್ಪಿಸಬೇಕು, ಐಪಿ (ನೆಟ್‌ವರ್ಕ್‌ನಲ್ಲಿ ಲ್ಯಾಪ್‌ಟಾಪಿನ ವಿಳಾಸದ ನಂಬರ್) ತಗೋಬೇಕು. ಅದೆಲ್ಲ ಆದ ಮೇಲೆ ವಿಪಿಎನ್.

ಕಡಲತಡಿ
ಮನೆಯಲ್ಲಿ ಕೂತು ಕೆಲಸ ಮಾಡುವವರಿಗೂ ಅದೇ ರೂಲ್ ಯಾಕೆ? ಮನೆಯ ವೈರೂ ನಮ್ಮದೇ, ವೈಫೈಯೂ ನಮ್ಮದೇ. ಇದು ಸರಿಯಲ್ಲ.

ಸರ್ವರ್ ರೂಮು
ಲ್ಯಾಪ್‌ಟಾಪಿಗೆ ಅದು ಯಾರ ಮನೆ ಅಂತ ಗೊತ್ತಾಗುವುದಿಲ್ಲ ಸರ್. ಇವತ್ತು ಮನೆಯಲ್ಲಿ ಇರುತ್ತದೆ, ನಾಳೆ ಹೋಟೆಲ್ ರೂಮಿನಲ್ಲಿ. ಒಬ್ಬರಿಗೆ ಸಡಿಲ ಮಾಡಿದರೆ ಅದನ್ನು ನೆನಪಿಟ್ಟು ನೋಡಿಕೊಳ್ಳುವವರು ಬೇಕು. ಅಡಿಕೆತೋಟದವರು ಐಟಿಗೆ ಒಂದು ಟಿಕೆಟ್ ಹಾಕಿ ಕೇಳಲಿ. ಸುಮ್ನೆ ಇಂಟರ್ನೆಟ್‌ನಲ್ಲಿ ಹುಡುಕಿ ರಿಜಿಸ್ಟ್ರಿ (ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳು) ಮುಟ್ಟಲು ಹೋಗಬೇಡಿ. ಕಂಪನಿಯ ವಸ್ತು ಅದು.

ಡಿಪ್ಲೊಮಾ ಮೇಷ್ಟ್ರು
ಒಂದು ವಿಷಯ ಯಾರೂ ಹೇಳಲಿಲ್ಲ. ಪಾಲಿಸಿ ತೆಗೆದರೂ ಕಾಲ್ ಕಟ್ ಆಗುವುದು ಪೂರ್ತಿ ನಿಲ್ಲುವುದಿಲ್ಲ, ಕಟ್ ಆಗುವ ಹೊತ್ತು ಕಡಿಮೆ ಆಗುತ್ತದೆ ಅಷ್ಟೇ. ಎರಡು ಸಿಮ್‌ನ ಫೋನ್ ನೆನಪು ಮಾಡಿಕೊಳ್ಳಿ. ಮೊದಲ ಸಿಮ್‌ನಲ್ಲಿ ಮಾತಾಡುತ್ತಿದ್ದಾಗ ಅದರ ನೆಟ್‌ವರ್ಕ್ ಹೋಯಿತು ಅಂತಿಟ್ಟುಕೊಳ್ಳಿ. ಎರಡನೇ ಸಿಮ್‌ನಲ್ಲಿ ನಾಲ್ಕು ಕಡ್ಡಿ ಇದ್ದರೂ ಆ ಮಾತು ಅಲ್ಲಿಗೆ ಮುಂದುವರಿಯುವುದಿಲ್ಲ. ಮತ್ತೆ ಫೋನ್ ಮಾಡಬೇಕು. ಇಲ್ಲೂ ಹಾಗೇ. ವೈರ್‌ನ ಅಡಾಪ್ಟರಿಗೆ ಒಂದು ಮ್ಯಾಕ್ ಅಡ್ರೆಸ್ (ಅಡಾಪ್ಟರಿನದ್ದೇ ಗುರುತಿನ ನಂಬರ್), ವೈಫೈಗೆ ಇನ್ನೊಂದು. ಅದಕ್ಕೇ ಐಪಿಯೂ ಬೇರೆ ಬೇರೆ. ಶುರುವಾದ ಸಂಪರ್ಕ ಆ ಐಪಿಗೆ ಕಟ್ಟಿಕೊಂಡಿರುತ್ತದೆ. ಐಪಿ ಹೋದರೆ ಅದೂ ಹೋಯಿತು.

ಮೀಟಿಂಗ್ ಆಪ್‌ಗಳು ಜಾಣ. ಅವು ಹೊಸ ಐಪಿಯಿಂದ ತಾವೇ ಮತ್ತೆ ಸೇರಿಕೊಳ್ಳುತ್ತವೆ. ವಿಪಿಎನ್‌ನಲ್ಲಿ ವೈರ್‌ಗಾರ್ಡ್ ಥರದ್ದು ಐಪಿ ಬದಲಾದರೂ ತಡೆದುಕೊಳ್ಳುತ್ತದೆ. ಎಲ್ಲ ವಿಪಿಎನ್ ಹಾಗಲ್ಲ.

ಟರ್ಮಿನಲ್ ತಮ್ಮ
ಲಿನಕ್ಸ್ ಹಾಕಿಕೊಳ್ಳಿ. ವೈರ್ ಮತ್ತು ವೈಫೈ ಎರಡನ್ನೂ ಸೇರಿಸಿ ಬಾಂಡ್ ಮಾಡಬಹುದು. ಆಕ್ಟಿವ್ ಬ್ಯಾಕಪ್ ಮೋಡ್ ಅಂತ ಇದೆ. ಒಂದೇ ಐಪಿ ಇರುತ್ತದೆ, ವೈರ್ ಕಿತ್ತರೂ ಬದಲಾಗುವುದಿಲ್ಲ. ಬಾಂಡ್ ಬೇಡ ಅಂದರೂ ನೆಟ್‌ವರ್ಕ್ ಮ್ಯಾನೇಜರ್ ವೈರ್‌ಗೆ 100, ವೈಫೈಗೆ 600 ಮೆಟ್ರಿಕ್ ಕೊಟ್ಟಿರುತ್ತದೆ. ಗೊಂದಲವೇ ಇಲ್ಲ.

ಪ್ಯಾಕೆಟ್ ಪಯಣಿಗ
ತಮ್ಮಾ, ಅದು ಕಂಪನಿ ಲ್ಯಾಪ್‌ಟಾಪ್ ಅಂತ ಮೊದಲ ಸಾಲಿನಲ್ಲೇ ಬರೆದಿದ್ದಾರೆ. ಲಿನಕ್ಸ್ ಹೇಗೆ ಹಾಕುತ್ತಾರೆ?

ಟರ್ಮಿನಲ್ ತಮ್ಮ
ಸರಿ, ಅದನ್ನು ಗಮನಿಸಲಿಲ್ಲ. ಸ್ವಂತ ಲ್ಯಾಪ್‌ಟಾಪ್ ಇರುವವರಿಗೆ ಇದು ಉಪಯೋಗಕ್ಕೆ ಬರಲಿ.

ಬಯಲುಸೀಮೆ
ಎರಡೂ ಅಡಾಪ್ಟರಿಗೆ ಒಂದೇ ಸ್ಟ್ಯಾಟಿಕ್ ಐಪಿ (ಕೈಯಿಂದ ಹಾಕಿದ, ಬದಲಾಗದ ಐಪಿ) ಕೊಟ್ಟುಬಿಟ್ಟರೆ ಆಗುವುದಿಲ್ಲವಾ?

ಡಿಪ್ಲೊಮಾ ಮೇಷ್ಟ್ರು
ಬೇಡ. ಎರಡೂ ಆನ್ ಇದ್ದರೆ ಐಪಿ ಕಾನ್‌ಫ್ಲಿಕ್ಟ್ ಅಂತ ಜಗಳ ಶುರುವಾಗುತ್ತದೆ. ಆಮೇಲೆ ಆ ಲ್ಯಾಪ್‌ಟಾಪನ್ನು ಇನ್ನೊಂದು ಊರಿಗೆ ಒಯ್ದರೆ ಅಲ್ಲಿ ನೆಟ್ಟೇ ಸಿಗುವುದಿಲ್ಲ. ನನ್ನ ವಿದ್ಯಾರ್ಥಿಯೊಬ್ಬ ಹೀಗೆ ಮಾಡಿ ವಾರಗಟ್ಟಲೆ ಒದ್ದಾಡಿದ್ದ.

ಸಂಪಿಗೆಮನೆ
ಪ್ರಿಂಟರ್ ವಿಷಯಕ್ಕೆ ಬರೋಣ. ವಿಪಿಎನ್ ಆನ್ ಇದ್ದರೆ ಮನೆಯ ಪ್ರಿಂಟರ್ ಕಾಣದಿರುವುದು ಸಾಮಾನ್ಯ. ವಿಪಿಎನ್ ತೆಗೆದು ನೋಡಿದಿರಾ?

ಪ್ಯಾಕೆಟ್ ಪಯಣಿಗ
ವೈಫೈಯಲ್ಲಿ ಅದೇ ವಿಪಿಎನ್ ಇದ್ದೂ ಪ್ರಿಂಟರ್ ಕಾಣುತ್ತದೆ ಅಂದರೆ ಕಾರಣ ವಿಪಿಎನ್ ಅಲ್ಲ ಅಲ್ವಾ? ಅಡಿಕೆತೋಟದವರೇ, ಒಂದು ಕೆಲಸ ಮಾಡಿ. ವೈರ್ ಹಾಕಿ ಐಪಿ ಎಷ್ಟು ಅಂತ ನೋಡಿ. ವೈರ್ ತೆಗೆದು ವೈಫೈಯಲ್ಲಿ ಎಷ್ಟು ಅಂತ ನೋಡಿ. ಎರಡನ್ನೂ ಇಲ್ಲಿ ಹಾಕಿ. ವೈರ್‌ನ ಆ ಕಡೆ ತುದಿ ಯಾವ ಡಬ್ಬಿಗೆ ಹೋಗಿದೆ ಅಂತಲೂ ಹೇಳಿ.

ಅಡಿಕೆತೋಟ
ವೈರ್: 192.168.1.7
ವೈಫೈ: 192.168.0.104
ವೈರ್‌ನ ತುದಿ ನೆಟ್ ಕೊಟ್ಟವರ ಡಬ್ಬಿಗೆ ಹೋಗಿದೆ. ಅದರ ವೈಫೈ ನಾನು ಆಫ್ ಮಾಡಿಟ್ಟಿದ್ದೇನೆ. ಮನೆಯ ವೈಫೈ ಎಲ್ಲ ನನ್ನ ರೂಟರ್‌ನಿಂದ.

ಪ್ಯಾಕೆಟ್ ಪಯಣಿಗ
ಸಿಕ್ಕಿತು! 192.168 ಆದ ಮೇಲಿನ ಮೂರನೇ ನಂಬರ್ ನೋಡಿ. ಒಂದು ಕಡೆ 1, ಇನ್ನೊಂದು ಕಡೆ 0. ನಿಮ್ಮ ಮನೆಯೊಳಗೆ ಎರಡು ಬೇರೆ ನೆಟ್‌ವರ್ಕ್ ಇವೆ. ನೆಟ್ ಡಬ್ಬಿಯೂ ರೂಟರ್, ನೀವು ತಂದದ್ದೂ ರೂಟರ್. ಎರಡೂ ಐಪಿ ಹಂಚುತ್ತಿವೆ. ಪ್ರಿಂಟರ್ ಇರುವುದು ನಿಮ್ಮ ರೂಟರ್ ಹಿಂದೆ. ವೈರ್ ಇರುವುದು ರೂಟರ್‌ನ ಹೊರಗೆ. ಹೊರಗಿನಿಂದ ಒಳಗೆ ನೋಡಲು ರೂಟರ್ ಬಿಡುವುದಿಲ್ಲ, ಅದರ ಕೆಲಸವೇ ಅದು.

ಬೇಗ ಆಗುವ ದಾರಿ ಬೇಕಾದರೆ, ವೈರ್‌ನ ತುದಿಯನ್ನು ನೆಟ್ ಡಬ್ಬಿಯಿಂದ ತೆಗೆದು ನಿಮ್ಮ ರೂಟರ್‌ನ ಲ್ಯಾನ್ ಪೋರ್ಟಿಗೆ ಹಾಕಿ. ನೀಲಿಯೋ ಹಳದಿಯೋ ಬೇರೆ ಬಣ್ಣದ ಒಂದು ಪೋರ್ಟ್ ಇರುತ್ತದೆ ನೋಡಿ, ಅದಕ್ಕಲ್ಲ. ಅದು ವ್ಯಾನ್, ಅಂದರೆ ಹೊರಗಿನಿಂದ ನೆಟ್ ಬರುವ ಪೋರ್ಟ್. ಉಳಿದವುಗಳಲ್ಲಿ ಒಂದಕ್ಕೆ ಹಾಕಿ. ಪ್ರಿಂಟರ್ ಬರುತ್ತದೆ.

ಹುಬ್ಬಳ್ಳಿ ಹುಡುಗಿ
ಹಾಗೆ ಮಾಡಿದ ಮೇಲೂ ಕಾಣದಿದ್ದರೆ ವಿಂಡೋಸ್‌ನಲ್ಲಿ ಆ ವೈರ್ ಸಂಪರ್ಕ ಪಬ್ಲಿಕ್ ಅಂತ ಇದೆಯಾ, ಪ್ರೈವೇಟ್ ಅಂತ ಇದೆಯಾ ನೋಡಿ. ವೈಫೈಗೂ ವೈರ್‌ಗೂ ಅದು ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳುತ್ತದೆ. ವೈಫೈಯನ್ನು ಪ್ರೈವೇಟ್ ಮಾಡಿರುತ್ತೇವೆ, ವೈರನ್ನು ಮರೆತಿರುತ್ತೇವೆ. ನನಗೆ ಹೀಗೇ ಆಗಿ ಶೇರ್ ಮಾಡಿದ ಫೋಲ್ಡರ್ ಒಂದು ದಿನ ಕಾಣುತ್ತಿತ್ತು, ಒಂದು ದಿನ ಇಲ್ಲ.

ಮುಂಡಿಗೆಕೆರೆ
ನನಗೆ ಅನಿಸುವುದು ಬೇರೆ. ನೀವೆಲ್ಲ ಲ್ಯಾಪ್‌ಟಾಪನ್ನು ವೈರ್‌ನಿಂದ ವೈಫೈಗೆ ಹೇಗೆ ದಾಟಿಸುವುದು ಅಂತ ಯೋಚಿಸುತ್ತಿದ್ದೀರಿ. ದಾಟುವುದೇ ಯಾಕೆ? ಆ 20 ಮೀಟರ್ ವೈರ್ ಲ್ಯಾಪ್‌ಟಾಪಿಗೆ ಯಾಕೆ ಹೋಗಬೇಕು? ಅದನ್ನು ವೈಫೈಗೆ ಕೊಡಿ.

ಅಂದರೆ, ಈಗ ಜಗಲಿಯಲ್ಲಿ ಎರಡು ಡಬ್ಬಿ ಪಕ್ಕಪಕ್ಕ ಕೂತಿವೆ. ಅದು ದಂಡ. ನಿಮ್ಮ ರೂಟರನ್ನು ಮೆತ್ತಿಗೆ ಒಯ್ಯಿರಿ. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ವೈರ್‌ನಲ್ಲಿ ಬಂದ ನೆಟ್ಟನ್ನು ವೈಫೈಯಾಗಿ ಹಂಚುವ ರೀತಿ) ಅಂತ ಇರುತ್ತದೆ, ಅದಕ್ಕೆ ಬದಲಾಯಿಸಿ. ಆಗ ಅದು ಐಪಿ ಹಂಚುವುದು ನಿಲ್ಲಿಸುತ್ತದೆ, ನೆಟ್ ಡಬ್ಬಿ ಮಾತ್ರ ಹಂಚುತ್ತದೆ. ಲ್ಯಾನ್ ವೈರ್ ಅದಕ್ಕೆ ಸಿಕ್ಕಿಸಿ. ಕೆಳಗೆ ನೆಟ್ ಡಬ್ಬಿಯ ವೈಫೈ ಆನ್ ಮಾಡಿ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಒಂದೇ ಥರದ ಸೆಕ್ಯುರಿಟಿ ಇಡಿ. 2.4 ಗಿಗಾಹರ್ಟ್ಸ್‌ನಲ್ಲಿ ಕೆಳಗೆ ಚಾನೆಲ್ 1, ಮೇಲೆ 11 ಇಟ್ಟರೆ ಒಂದಕ್ಕೊಂದು ಅಡ್ಡ ಬರುವುದಿಲ್ಲ.

ಲ್ಯಾಪ್‌ಟಾಪ್ ಮೇಲೂ ವೈಫೈ, ಕೆಳಗೂ ವೈಫೈ. ಮೆಟ್ಟಿಲು ಇಳಿಯುವಾಗ ಮೇಲಿನದ್ದು ಬಿಟ್ಟು ಕೆಳಗಿನದ್ದು ಹಿಡಿಯುತ್ತದೆ. ಐಪಿ ಅದೇ ಇರುತ್ತದೆ. ವಿಪಿಎನ್ ಕಟ್ ಆಗುವುದಿಲ್ಲ. ಪ್ರಿಂಟರೂ ಒಂದೇ ನೆಟ್‌ವರ್ಕ್‌ಗೆ ಬಂತು. ಐಟಿಯವರ ಪಾಲಿಸಿ ಮುಟ್ಟುವ ಅಗತ್ಯವೂ ಇಲ್ಲ.

ಕಡಲತಡಿ
ಇದು ಒಳ್ಳೆ ಉಪಾಯ. ನಮ್ಮ ಉಪ್ಪರಿಗೆಗೂ ಹೀಗೇ ಮಾಡಬೇಕು.

ಬಯಲುಸೀಮೆ
ನನಗೆ ಒಪ್ಪಿಗೆ ಇಲ್ಲ. ವೈರ್ ವೈರೇ. ಗೇಟ್‌ವೇಗೆ (ನೆಟ್ ಕೊಡುವ ಡಬ್ಬಿಗೆ) ಪಿಂಗ್ ಕೊಟ್ಟು, ಉತ್ತರ ಬರಲು ಎಷ್ಟು ಹೊತ್ತು ಅಂತ ನೋಡಿ. ವೈರ್‌ನಲ್ಲಿ 1 ಮಿಲಿಸೆಕೆಂಡ್ ದಾಟುವುದಿಲ್ಲ. ವೈಫೈಯಲ್ಲಿ ಒಮ್ಮೆ 3, ಒಮ್ಮೆ 40. ದಿನಕ್ಕೆ 8 ಗಂಟೆ ಕೆಲಸ ಮಾಡುವವರು ಒಂದು ಗಂಟೆಯ ಅನುಕೂಲಕ್ಕೆ ವೈರ್ ಬಿಡಬೇಕಾ?

ಮುಂಡಿಗೆಕೆರೆ
ಆಕ್ಸೆಸ್ ಪಾಯಿಂಟ್ ಮೇಜಿನಿಂದ ನಾಲ್ಕು ಅಡಿ ದೂರದಲ್ಲಿ ಇರುತ್ತದೆ, ನಡುವೆ ಗೋಡೆ ಇಲ್ಲ, ಹಳ್ಳಿಯಲ್ಲಿ ಅಕ್ಕಪಕ್ಕದ ಮನೆಯ ವೈಫೈ ಇಲ್ಲ. 5 ಗಿಗಾಹರ್ಟ್ಸ್‌ನಲ್ಲಿ ಮೀಟಿಂಗಿಗೆ ಏನು ತೊಂದರೆ? ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇದ್ದರೆ ನಿಮ್ಮ ಮಾತು ಒಪ್ಪುತ್ತೇನೆ. ಅಲ್ಲಿ ಒಂದು ರೂಮಿನಲ್ಲಿ ನಿಂತರೆ ಇಪ್ಪತ್ತು ವೈಫೈ ಕಾಣುತ್ತವೆ.

ಬಯಲುಸೀಮೆ
ದೊಡ್ಡ ಫೈಲ್ ಕಳಿಸುವಾಗ ವೈರ್ ಬೇಕೇ ಬೇಕು. ಆಕ್ಸೆಸ್ ಪಾಯಿಂಟ್ ಹಿಂದೆ ಲ್ಯಾನ್ ಪೋರ್ಟ್ ಇರುತ್ತದೆ. ಅದರಿಂದ ಗಿಡ್ಡ ವೈರ್ ಒಂದನ್ನು ಮೇಜಿಗೆ ತಂದಿಟ್ಟುಕೊಳ್ಳಲಿ. ಬೇಕಾದಾಗ ಸಿಕ್ಕಿಸಬಹುದು. ಇಷ್ಟಕ್ಕೆ ಒಪ್ಪುತ್ತೀರಾ?

ಮುಂಡಿಗೆಕೆರೆ
ಖಂಡಿತ ಒಪ್ಪುತ್ತೇನೆ.

ಗಂಗೊಳ್ಳಿ ಗಾಳಿ
ವೈರ್ ಎಳೆದಿದ್ದೀರಿ ಅಂದಿರಲ್ಲ, ಮನೆಯೊಳಗೇ ಎಳೆದಿದ್ದೀರಾ, ಅಂಗಳ ದಾಟಿಸಿದ್ದೀರಾ? ದಯವಿಟ್ಟು ಹೇಳಿ. ನಾವು ಮನೆಯಿಂದ ಹಿಂದಿನ ಶೆಡ್ಡಿಗೆ ಅಂಗಳದ ಮೇಲಿಂದ ಲ್ಯಾನ್ ವೈರ್ ಕಟ್ಟಿದ್ದೆವು. ಮೇ ತಿಂಗಳಲ್ಲಿ ಗುಡುಗು ಶುರುವಾದ ಕೂಡಲೇ ಅತ್ತೆ ಕರೆಂಟಿನ ಪಿನ್ ಎಲ್ಲ ತೆಗೆದರು. ಲ್ಯಾನ್ ವೈರ್ ತೆಗೆಯುವುದು ಯಾರಿಗೂ ಹೊಳೆಯಲಿಲ್ಲ. ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ಬೆಳಿಗ್ಗೆ ನೋಡಿದರೆ ರೂಟರ್‌ನ ಆ ಒಂದು ಪೋರ್ಟ್ ಸತ್ತಿತ್ತು, ಶೆಡ್ಡಿನ ಲ್ಯಾಪ್‌ಟಾಪಿನ ಬೋರ್ಡೂ ಹೋಗಿತ್ತು. ಪೋರ್ಟಿನ ಒಳಗಿನ ಚಿನ್ನದ ಬಣ್ಣದ ಕಡ್ಡಿಗಳಲ್ಲಿ ಎರಡು ಕಪ್ಪಾಗಿದ್ದವು.

ಫೈಬರ್ ಗಾಜು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಲ್ಯಾನ್ ವೈರ್ ತಾಮ್ರ. ಹೊರಗೆ ಎಳೆಯುವುದೇ ಬೇಡ. ಎಳೆದಿದ್ದರೆ ಗುಡುಗಿನ ಹೊತ್ತಿಗೆ ಎರಡೂ ತುದಿ ಕಿತ್ತಿಡಿ.

ಅಡಿಕೆತೋಟ
ಮನೆಯೊಳಗೇ ಎಳೆದದ್ದು ಅಕ್ಕ, ಅಟ್ಟದ ತೊಲೆಯ ಪಕ್ಕದಿಂದ. ಆದರೂ ಇನ್ನು ಮುಂದೆ ಗುಡುಗು ಬಂದರೆ ಅದನ್ನೂ ತೆಗೆದಿಡುತ್ತೇನೆ. ನಿಮ್ಮ ಲ್ಯಾಪ್‌ಟಾಪ್ ಹೋದದ್ದು ಕೇಳಿ ಬೇಸರ ಆಯಿತು.

ಕೊಪ್ಪಳದ ಕ್ರಿಂಪರ್
ವೈರ್ ಎಳೆಯುವವರಿಗೆ ನನ್ನದೊಂದು ಮಾತು. ಅಗ್ಗ ಅಂತ ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ವೈರ್ ತರಬೇಡಿ. ಮಡಚಿದಲ್ಲಿ ಮುರಿಯುತ್ತದೆ. ಪೂರ್ತಿ ತಾಮ್ರದ ಕ್ಯಾಟ್ 5ಇ ಸಾಕು, 100 ಮೀಟರ್ ತನಕ ಗಿಗಾಬಿಟ್ ಕೊಡುತ್ತದೆ. ತುದಿ ಕಟ್ಟುವಾಗ ಎರಡೂ ಕಡೆ ಒಂದೇ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.

100 ಮೆಗಾಬಿಟ್‌ಗೆ ಕಿತ್ತಳೆ ಮತ್ತು ಹಸಿರು ಜೋಡಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಆದ್ದರಿಂದ ನೀಲಿಯೋ ಕಂದೋ ಒಳಗೆ ತುಂಡಾಗಿದ್ದರೆ ನೆಟ್ ಬರುತ್ತದೆ, ಆದರೆ ಸಾಮಾನ್ಯವಾಗಿ ಲಿಂಕ್ 100ಕ್ಕೆ ಇಳಿದಿರುತ್ತದೆ. ನೆಟ್ ಬರುತ್ತಿದೆ ಅಲ್ವಾ ಅಂತ ಜನ ಸುಮ್ಮನಿರುತ್ತಾರೆ. ಲಿಂಕ್ ಸ್ಪೀಡ್ ಒಮ್ಮೆ ನೋಡಿ. ಮೇಲೆ ಹೇಳಿದ ಮೆಟ್ರಿಕ್ ಕಥೆ ಇಲ್ಲಿಗೂ ಬಂದು ಸೇರುತ್ತದೆ. 100ಕ್ಕೆ ಇಳಿದ ವೈರ್ ಆದ್ಯತೆಯಲ್ಲೂ ಕೆಳಗೆ ಇಳಿಯುತ್ತದೆ.

ಸಂಪಿಗೆಮನೆ
ಮ್ಯಾಕ್‌ಬುಕ್‌ನಲ್ಲಿ ಈ ಆದ್ಯತೆ ಎಲ್ಲಿ ಬದಲಾಯಿಸುವುದು?

ಪ್ಯಾಕೆಟ್ ಪಯಣಿಗ
ಸಿಸ್ಟಮ್ ಸೆಟ್ಟಿಂಗ್ಸ್, ನೆಟ್‌ವರ್ಕ್, ಅಲ್ಲಿ ಸೆಟ್ ಸರ್ವಿಸ್ ಆರ್ಡರ್. ಯಾವುದು ಮೊದಲು ಬೇಕೋ ಅದನ್ನು ಮೇಲಕ್ಕೆ ಎಳೆಯಿರಿ.

ತುಂಗಾತೀರ
ನನ್ನದು ಎಚ್‌ಪಿ, ಸ್ವಂತದ್ದು, ಯಾವ ಪಾಲಿಸಿಯೂ ಇಲ್ಲ. ಆದರೂ ವೈರ್ ಹಾಕಿದರೆ ವೈಫೈ ಆಫ್ ಆಗುತ್ತದಲ್ಲ?

ಸರ್ವರ್ ರೂಮು
ಬಯೋಸ್‌ಗೆ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ಸ್‌ಗೆ) ಹೋಗಿ ನೋಡಿ. ಎಚ್‌ಪಿಯ ಆಫೀಸ್ ಮಾಡೆಲ್‌ಗಳಲ್ಲಿ ಲ್ಯಾನ್ ಡಬ್ಲ್ಯುಲ್ಯಾನ್ ಆಟೋ ಸ್ವಿಚಿಂಗ್ ಅಂತ ಇರುತ್ತದೆ. ಟಿಕ್ ತೆಗೆಯಿರಿ.

ತುಂಗಾತೀರ
ಇತ್ತು, ತೆಗೆದೆ, ಸರಿಯಾಯಿತು! ತುಂಬಾ ಧನ್ಯವಾದ.

ಡಿಪ್ಲೊಮಾ ಮೇಷ್ಟ್ರು
ವೈರ್ ಮೇಲೋ ವೈಫೈ ಮೇಲೋ ಅಂತ ಜಗಳ ನಡೆದಿದೆ, ಅದಕ್ಕೆ ಒಂದು ಹಳೇ ವಿಷಯ ನೆನಪಾಯಿತು. ಹವಾಯಿ ವಿಶ್ವವಿದ್ಯಾಲಯದವರು 1971ರಲ್ಲಿ ದ್ವೀಪಗಳ ನಡುವೆ ರೇಡಿಯೋದಲ್ಲಿ ಕಂಪ್ಯೂಟರ್ ಜೋಡಿಸಿದರು. ಅಲೋಹಾನೆಟ್ ಅಂತ ಅದರ ಹೆಸರು. ಅದನ್ನು ಓದಿಕೊಂಡ ರಾಬರ್ಟ್ ಮೆಟ್‌ಕಾಫ್ 1973ರಲ್ಲಿ ಜೆರಾಕ್ಸ್ ಕಂಪನಿಯ ಪ್ರಯೋಗಾಲಯದಲ್ಲಿ ಆ ಯೋಚನೆಯನ್ನು ವೈರ್‌ಗೆ ತಂದರು. ಅದೇ ಈಥರ್ನೆಟ್. ತಂತಿಯ ನೆಟ್‌ವರ್ಕ್ ಕಲಿತದ್ದು ಗಾಳಿಯ ನೆಟ್‌ವರ್ಕ್‌ನಿಂದ. ಇದನ್ನು ಹೇಳಿದಾಗ ಕ್ಲಾಸಿನಲ್ಲಿ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಟರ್ಮಿನಲ್ ತಮ್ಮ
ಎಷ್ಟು ಚೆನ್ನಾಗಿದೆ ಸರ್! ಇದನ್ನು ನಮಗೆ ಯಾರೂ ಹೇಳಿರಲಿಲ್ಲ.

ಅಡಿಕೆತೋಟ
ನಾಲ್ಕು ದಿನ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಐಟಿಗೆ ಟಿಕೆಟ್ ಹಾಕಿದೆ. ಪಾಲಿಸಿ ತೆಗೆಯಲು ಆಗುವುದಿಲ್ಲ ಅಂದರು. ಭಾನುವಾರ ಮುಂಡಿಗೆಕೆರೆಯವರು ಹೇಳಿದ ಹಾಗೆ ಮಾಡಿದೆ. ರೂಟರ್ ಮೆತ್ತಿಗೆ ಹೋಯಿತು, ಆಕ್ಸೆಸ್ ಪಾಯಿಂಟ್ ಆಯಿತು. ಮೋಡ್ ಬದಲಾಯಿಸಿದ ಮೇಲೆ 192.168.0.1 ತೆರೆಯಲಿಲ್ಲ, ಸ್ವಲ್ಪ ಗಾಬರಿ ಆಯಿತು. ಆಮೇಲೆ ನೆಟ್ ಡಬ್ಬಿಯ ಪಟ್ಟಿಯಲ್ಲಿ ನೋಡಿದರೆ ರೂಟರ್‌ಗೆ 192.168.1.12 ಅಂತ ಹೊಸ ಐಪಿ ಬಂದಿತ್ತು. ಪ್ರಿಂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದೆ. ಲ್ಯಾಪ್‌ಟಾಪಿನಲ್ಲಿ ಹಳೇ ಐಪಿಯ ಪ್ರಿಂಟರ್ ತೆಗೆದು ಹೊಸದಾಗಿ ಸೇರಿಸಬೇಕಾಯಿತು. ಈಗ ಮೇಲಿಂದಲೂ ಕೆಳಗಿಂದಲೂ ಪ್ರಿಂಟ್ ಬರುತ್ತದೆ.

ಸೋಮವಾರ 4ಕ್ಕೆ ಮೀಟಿಂಗ್‌ನಲ್ಲಿ ಮಾತಾಡುತ್ತಲೇ ಮೆಟ್ಟಿಲು ಇಳಿದೆ. ಐದನೇ ಮೆಟ್ಟಿಲ ಹತ್ತಿರ ಧ್ವನಿ ಒಂದು ಕ್ಷಣ ತಡವರಿಸಿತು. ಅಷ್ಟೇ. ವಿಪಿಎನ್ ಏನೂ ಕೇಳಲಿಲ್ಲ. ಅಪ್ಪನ ಮಂಚದ ಪಕ್ಕದಲ್ಲಿ ಕೂತು ಮಾತ್ರೆ, ನೀರಿನ ಲೋಟ ಕೊಟ್ಟೆ, ಮೀಟಿಂಗ್ ನಡೆಯುತ್ತಲೇ ಇತ್ತು. ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ.

ಮುಂಡಿಗೆಕೆರೆ
ತುಂಬಾ ಸಂತೋಷ ಆಯಿತು. ಮಲೆನಾಡಿನಲ್ಲಿ ಕರೆಂಟ್ ಹೋಗುವುದು ಇದ್ದೇ ಇದೆ. ಕೆಳಗಿನ ಡಬ್ಬಿಗೆ ಯುಪಿಎಸ್ ಇದ್ದು ಮೇಲಿನದ್ದಕ್ಕೆ ಇಲ್ಲದಿದ್ದರೆ ಮತ್ತೆ ಒಂದು ಕಡ್ಡಿಗೆ ಬರುತ್ತೀರಿ. ಎರಡಕ್ಕೂ ಒಂದೊಂದು ಮಿನಿ ಯುಪಿಎಸ್ ಹಾಕಿ. ಕೊಳ್ಳುವ ಮೊದಲು ಅಡಾಪ್ಟರ್ ಮೇಲೆ 12 ವೋಲ್ಟ್ ಇದೆಯಾ, 9 ಇದೆಯಾ, ಎಷ್ಟು ಆಂಪಿಯರ್ ಅಂತ ಓದಿಕೊಳ್ಳಿ.

ಅಡಿಕೆತೋಟ
ಮೇಲಿನದ್ದು 9 ವೋಲ್ಟ್, ಕೆಳಗಿನದ್ದು 12. ಒಳ್ಳೇದಾಯಿತು ಹೇಳಿದ್ದು, ಒಂದೇ ಥರದ ಎರಡು ತರುವವನಿದ್ದೆ.

ಗಂಗೊಳ್ಳಿ ಗಾಳಿ
ಅಟ್ಟದಲ್ಲಿ ಇಲಿ ಕಾಟ ಇಲ್ಲವಾ? ನಮ್ಮಲ್ಲಿ ಎರಡು ಸಲ ವೈರ್ ಕಡಿದಿವೆ.

ಅಡಿಕೆತೋಟ
ಇದೆ ಅಕ್ಕ, ಅಡಿಕೆ ಮೂಟೆ ಅಲ್ಲೇ ಇಡುವುದು. ತೋಟಕ್ಕೆ ತಂದ ಅರ್ಧ ಇಂಚಿನ ಪಿವಿಸಿ ಪೈಪು ಉಳಿದಿತ್ತು, ವೈರನ್ನು ಅದರೊಳಗೆ ಹಾಕಿ ತೊಲೆಗೆ ಕ್ಲಾಂಪ್ ಹೊಡೆದಿದ್ದೇನೆ.

ಕೊಪ್ಪಳದ ಕ್ರಿಂಪರ್
ಪೈಪಿನೊಳಗೆ ಒಂದು ನೈಲಾನ್ ದಾರವನ್ನೂ ಬಿಟ್ಟಿಡಿ. ಮುಂದೆ ವೈರ್ ಬದಲಾಯಿಸಬೇಕಾದರೆ ಎಳೆಯಲು ಬೇಕಾಗುತ್ತದೆ.